ಒಂದೇ ಊರಿನ ಹಲವು ಸಾಲಿಗಳು: ಕಿತ್ತೂರು ಕರ್ನಾಟಕದ ಗ್ರಾಮಗಳಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳ ತೌಲನಿಕ ಚರಿತ್ರೆ

ಬಹುಕಾಲ ಮುಂಬಯಿ ಕರ್ನಾಟಕವೆಂದು ಕರೆಯಿಸಿಕೊಂಡು 2021ರಲ್ಲಿ ಕಿತ್ತೂರು ಕರ್ನಾಟಕವೆಂಬ ಅಧಿಕೃತ ಹೆಸರು ಪಡೆದ ಸೀಮೆಯ ಬಯಲು ಭಾಗದಲ್ಲಿ, ಎಂದರೆ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ, ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ, ಮೂರು ನಾಲ್ಕು ಸಾವಿರ ಜನರಿರುವ ಸಾಧಾರಣ ಗ್ರಾಮದಲ್ಲಿಯೂ ಸರಕಾರಿ ಪ್ರಾಥಮಿಕ ಶಾಲೆಗಳು ಒಂದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಅಗಸಿಯ ಒಳಗೆ ಚಾವಡಿಯ ಸಮೀಪ ಗಂಡುಮಕ್ಕಳ ಶಾಲೆ, ಎರಡು ಓಣಿ ದಾಟಿದರೆ ಹೆಣ್ಣುಮಕ್ಕಳ ಶಾಲೆ, ಮಸೀದಿಯ ಆಸುಪಾಸಿನಲ್ಲಿ ಉರ್ದು ಶಾಲೆ, ಊರ ಹೊರಗಿನ ದಿಬ್ಬದ ಮೇಲೆ ತಾಂಡಾದ ಶಾಲೆ, ನೀರಾವರಿ ಹೊಲಗಳ ನಡುವೆ ತೋಟದ ಶಾಲೆ ಎಂಬಂತೆ ಅವು ಹರಡಿಕೊಂಡಿರುತ್ತವೆ. ಇವೆಲ್ಲವುಗಳ ಒಡೆತನ ಒಂದೇ ಸರಕಾರದ್ದು, ಮೇಲ್ವಿಚಾರಣೆ ಒಂದೇ ಕ್ಷೇತ್ರ ಶಿಕ್ಷಣಾಧಿಕಾರಿಯದು, ಶಿಕ್ಷಕರ ವೇತನಶ್ರೇಣಿಯೂ ಒಂದೇ. ಆದರೂ ಊರಿನವರ ಬಾಯಲ್ಲಿ ಅವುಗಳ ಹೆಸರು ಬೇರೆ, ಮರ್ಯಾದೆ ಬೇರೆ, ಮಗುವನ್ನು ಯಾವುದಕ್ಕೆ ಹಾಕಬೇಕೆಂಬ ಲೆಕ್ಕಾಚಾರವೂ ಬೇರೆಯಾಗಿ ಉಳಿದುಬಂದಿದೆ.

ಶಾಲೆಗಳನ್ನು ಹೋಲಿಸುವ ಕೆಲಸವನ್ನು ಪಾಲಕರು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಾಡುತ್ತಾರೆ, ಇಲಾಖೆಯು ಪಟಸಂಖ್ಯೆಯ ಮೂಲಕ ಮಾಡುತ್ತದೆ. ಪಟಸಂಖ್ಯೆ ಎಂದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ದಾಖಲಾದ ಮಕ್ಕಳ ಒಟ್ಟು ಸಂಖ್ಯೆ; ಶಿಕ್ಷಕರ ಹುದ್ದೆ, ಕೊಠಡಿ, ಅನುದಾನ ಇವೆಲ್ಲವೂ ಅದನ್ನೇ ಅವಲಂಬಿಸಿವೆ. ಈ ಲೇಖನದ ಹೋಲಿಕೆಗೆ ಆಧಾರವಾಗಿರುವುದು ಇನ್ನೊಂದು ಪ್ರಶ್ನೆ. ಒಂದು ಊರಿನಲ್ಲಿ ಎರಡನೆಯ, ಮೂರನೆಯ, ನಾಲ್ಕನೆಯ ಶಾಲೆ ಹುಟ್ಟಿದಾಗ, ಅಲ್ಲಿಯವರೆಗೆ ಒಳಗೆ ಬಾರದೆ ಉಳಿದಿದ್ದ ಯಾವ ಮಗುವಿಗಾಗಿ ಅದು ಹುಟ್ಟಿತು ಎಂಬುದೇ ಆ ಪ್ರಶ್ನೆ.

ಹೆಸರುಗಳಲ್ಲಿ ಉಳಿದ ಇತಿಹಾಸ

ಈ ಭಾಗದ ಹಳೆಯ ಶಾಲೆಗಳ ಫಲಕಗಳಲ್ಲಿ ಕೆ.ಬಿ.ಎಸ್., ಕೆ.ಜಿ.ಎಸ್., ಯು.ಬಿ.ಎಸ್. ಮುಂತಾದ ಹ್ರಸ್ವರೂಪಗಳು ಇಂದಿಗೂ ಕಾಣಸಿಗುತ್ತವೆ. ಮೊದಲನೆಯದು ಕನ್ನಡ ಬಾಯ್ಸ್ ಸ್ಕೂಲ್, ಎರಡನೆಯದು ಕನ್ನಡ ಗರ್ಲ್ಸ್ ಸ್ಕೂಲ್, ಮೂರನೆಯದು ಉರ್ದು ಬಾಯ್ಸ್ ಸ್ಕೂಲ್, ನಡುವೆ ಎಂ.ಪಿ.ಎಸ್. ಸೇರಿದ್ದರೆ ಅದು ಒಂದು ಕಾಲಕ್ಕೆ ಮಾದರಿ ಪ್ರಾಥಮಿಕ ಶಾಲೆಯೆಂದು ಗುರುತಿಸಲ್ಪಟ್ಟಿತ್ತೆಂದು ಅರ್ಥ. ಹೆಸರಿನ ಕೊನೆಗೆ ಎಲ್.ಟಿ. ಎಂದಿದ್ದರೆ ಲಂಬಾಣಿ ತಾಂಡಾ, ಆರ್.ಸಿ. ಎಂದಿದ್ದರೆ ಪುನರ್ವಸತಿ ಕೇಂದ್ರ. ಕನ್ನಡ ನಾಡಿನ ನಡುಮಧ್ಯದ ಹಳ್ಳಿಯ ಶಾಲೆಗೂ ಕನ್ನಡ ಶಾಲೆ ಎಂದು ಒತ್ತಿ ಹೇಳಬೇಕಾಗಿ ಬಂದದ್ದು ಏಕೆಂಬುದು ಮೈಸೂರು ಸೀಮೆಯ ಓದುಗರಿಗೆ ಕೂಡಲೆ ಹೊಳೆಯಲಾರದು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಈ ಪ್ರದೇಶದ ಸರಕಾರಿ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಮರಾಠಿಯೇ ಮೇಲುಗೈ ಪಡೆದಿತ್ತು. ಕನ್ನಡವನ್ನು ಮನೆಯಲ್ಲಿ ಆಡುವ ಮಗು ಅಕ್ಷರವನ್ನು ಮರಾಠಿಯಲ್ಲಿ ಕಲಿಯಬೇಕಾಗಿದ್ದ ಆ ಪರಿಸ್ಥಿತಿಯನ್ನು ಬದಲಿಸಲು ದುಡಿದವರಲ್ಲಿ ಮೊದಲ ಸಾಲಿನವರು ಡೆಪ್ಯುಟಿ ಚನ್ನಬಸಪ್ಪನವರು. ಶಿಕ್ಷಣ ಇಲಾಖೆಯಲ್ಲಿ ಅವರು ವಹಿಸಿದ್ದ ಹುದ್ದೆಯೇ ಅವರ ಹೆಸರಿನ ಭಾಗವಾಯಿತು. ಮೇಲಧಿಕಾರಿ ರಸೆಲ್ ಅವರ ಬೆಂಬಲದೊಂದಿಗೆ ಅವರು ಕನ್ನಡ ಶಾಲೆಗಳನ್ನು ತೆರೆಯಿಸಿದರು, ಕನ್ನಡ ಬಲ್ಲ ಶಿಕ್ಷಕರ ತರಬೇತಿಗೆ ನೆಲೆ ಒದಗಿಸಿದರು. ಆ ದಶಕಗಳಲ್ಲಿ ಶಿಕ್ಷಕರಿಗಾಗಿ ಹೊರಟ ‘ಮಠಪತ್ರಿಕೆ’ ಮುಂದೆ ‘ಶಾಲಾಪತ್ರಿಕೆ’ಯಾಯಿತು. ಮಠ ಎಂಬ ಪದಕ್ಕೆ ಆಗ ಓದುವ ಮನೆಯೆಂಬ ಅರ್ಥವೂ ಇದ್ದುದರಿಂದ, ಹೆಸರಿನ ಈ ಬದಲಾವಣೆಯಲ್ಲಿ ಹಳೆಯ ಪದ್ಧತಿಯಿಂದ ಹೊಸ ಪದ್ಧತಿಗೆ ದಾಟಿದ ಗುರುತೂ ಸೇರಿದೆ.

ಆ ಹಳೆಯ ಪದ್ಧತಿಯನ್ನು ಇಲ್ಲಿ ಗಾಂವಠಿ ಶಾಲೆ ಎಂದು ಕರೆಯುತ್ತಿದ್ದರು. ಊರಿನ ಗುಡಿಯಲ್ಲಿಯೋ ಮಠದ ಪಡಸಾಲೆಯಲ್ಲಿಯೋ ಪಂತೋಜಿ ಅಥವಾ ಅಯ್ಯನವರೊಬ್ಬರು ಉಳ್ಳವರ ಮನೆಯ ಗಂಡುಮಕ್ಕಳಿಗೆ ಓದು, ಬರಹ, ಮಗ್ಗಿ ಹೇಳಿಕೊಟ್ಟು, ಪ್ರತಿಫಲವಾಗಿ ಕಾಳುಕಡಿ ಪಡೆಯುತ್ತಿದ್ದ ಖಾಸಗಿ ವ್ಯವಸ್ಥೆ ಅದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಶಾಲೆಗೆ ಸಾಲಿಗುಡಿ ಎಂಬ ಪದ ಇಂದಿಗೂ ಉಳಿದಿರುವುದನ್ನು ನೋಡಿದರೆ, ಗುಡಿಗೂ ಶಾಲೆಗೂ ಇದ್ದ ನಂಟು ಎಷ್ಟು ಗಾಢವಾಗಿತ್ತೆಂಬುದು ತಿಳಿಯುತ್ತದೆ. ಗುಡಿಯೊಳಗೆ ಪ್ರವೇಶವಿಲ್ಲದವರಿಗೆ ಅಂಥ ಶಾಲೆಯಲ್ಲಿಯೂ ಪ್ರವೇಶವಿರಲಿಲ್ಲ.

1854ರ ವುಡ್ ಅವರ ಶಿಕ್ಷಣ ನಿರೂಪದ ಬಳಿಕ 1855ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆ ಸ್ಥಾಪನೆಯಾಯಿತು. ಹಳ್ಳಿಯ ಶಾಲೆಗೆ ಹಣ ಎಲ್ಲಿಂದ ತರಬೇಕೆಂಬ ಪ್ರಶ್ನೆಗೆ 1860ರ ದಶಕದಲ್ಲಿ ಸ್ಥಳೀಯ ಕರದ ರೂಪದಲ್ಲಿ ಉತ್ತರ ದೊರೆಯಿತು. ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ, ಎಂದರೆ ಹದಿನಾರರಲ್ಲಿ ಒಂದು ಪಾಲಿನಂತೆ, ರೈತನಿಂದ ಹೆಚ್ಚುವರಿಯಾಗಿ ವಸೂಲಿಯಾದ ಈ ಮೊತ್ತದಲ್ಲಿ ಮೂರನೆಯ ಒಂದು ಭಾಗ ಶಿಕ್ಷಣಕ್ಕೂ ಉಳಿದದ್ದು ರಸ್ತೆ ಮುಂತಾದ ಕೆಲಸಗಳಿಗೂ ಹೋಗುತ್ತಿತ್ತು. 1869ರ ಕಾಯಿದೆಯಿಂದ ಇದು ಶಾಸನಬದ್ಧವಾಯಿತು, 1884ರ ಸ್ಥಳೀಯ ಮಂಡಳಿಗಳ ಕಾಯಿದೆಯಿಂದ ಆಡಳಿತವು ಲೋಕಲ್ ಬೋರ್ಡುಗಳ ಕೈಸೇರಿತು. ಶತಮಾನ ಕಂಡ ಗಂಡುಮಕ್ಕಳ ಶಾಲೆಗಳ ಕಲ್ಲಿನ ಗೋಡೆಗಳು ಎದ್ದದ್ದು ಬಹುಮಟ್ಟಿಗೆ ಹೊಲದ ಕಂದಾಯದ ಬೆನ್ನಿಗೆ ಬಿದ್ದ ಆ ಒಂದೊಂದು ಆಣೆಯಿಂದ. ಊರ ಗೌಡರು ಜಾಗ ಕೊಟ್ಟರು, ಸಾಹುಕಾರರು ತೊಲೆ ಕೊಟ್ಟರು ಎಂದು ಸ್ಮರಣ ಸಂಚಿಕೆಗಳು ದಾನಿಗಳನ್ನು ನೆನೆಯುವುದು ಯೋಗ್ಯವೇ ಆಗಿದೆ. ಅವರ ಜತೆಗೆ ಹೆಸರಿಲ್ಲದ ಈ ರೈತಾಪಿ ದಾನಿಗಳ ಉಲ್ಲೇಖವೂ ಇರಬೇಕಾಗಿತ್ತು.

ಧಾರವಾಡದ ಒಂದು ಅರ್ಜಿ

ಸಾರ್ವಜನಿಕ ಹಣದಿಂದ ನಡೆಯುವ ಶಾಲೆ ಸಾರ್ವಜನಿಕರೆಲ್ಲರದೂ ಹೌದೇ ಎಂಬ ಪ್ರಶ್ನೆ ಹಿಂದುಸ್ಥಾನದಲ್ಲಿ ಸ್ಪಷ್ಟ ರೂಪದಲ್ಲಿ ಸರಕಾರದ ಮುಂದೆ ಬಂದ ತೀರ ಮೊದಲ ಸಂದರ್ಭಗಳಲ್ಲಿ ಒಂದು ಈ ನೆಲದ್ದೇ ಎಂಬ ಸಂಗತಿ ಇಲ್ಲಿನ ಶಾಲೆಗಳ ಚರಿತ್ರೆಯಲ್ಲಿ ಬರಬೇಕಾದಷ್ಟು ಮುಂದೆ ಬಂದಿಲ್ಲ. 1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಗೆ ಸೇರಿದ ಬಾಲಕನೊಬ್ಬ, ಧಾರವಾಡದ ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳದಿರುವುದನ್ನು ಕುರಿತು ಮುಂಬಯಿ ಸರಕಾರಕ್ಕೆ ಅರ್ಜಿ ಸಲ್ಲಿಸಿದನು. ಸರಕಾರವು ತಾತ್ತ್ವಿಕವಾಗಿ ಅವನ ಬೇಡಿಕೆಯನ್ನು ಅಲ್ಲಗಳೆಯಲಿಲ್ಲ. ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆ ಬಿಟ್ಟುಹೋಗುವರು, ಆಗ ಶಾಲೆಯೇ ಬಹುಜನರಿಗೆ ನಿರುಪಯುಕ್ತವಾಗುವುದು ಎಂಬ ಕಾರಣ ನೀಡಿ ಪ್ರವೇಶವನ್ನು ತಡೆಯಿತು. ಗವರ್ನರ್ ಜನರಲ್ ಅವರ ಸರಕಾರ ಇದನ್ನು ಒಪ್ಪಲಿಲ್ಲ. 1858ರಲ್ಲಿ ಲಂಡನ್ನಿನ ಡೈರೆಕ್ಟರರ ಮಂಡಳಿಯು ಸರಕಾರಿ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕೆಂದು ಹೇಳಿತು. 1882ರ ಹಂಟರ್ ಆಯೋಗ ಈ ಪ್ರಕರಣವನ್ನು ಮತ್ತೆ ಎತ್ತಿಕೊಂಡು ತತ್ತ್ವವನ್ನು ಪುನರುಚ್ಚರಿಸಿತಾದರೂ, ಜಾರಿಯಲ್ಲಿ ಎಚ್ಚರಿಕೆಯಿಂದ ಮುಂದುವರಿಯಬೇಕೆಂದೂ ಹಿಂದುಳಿದ ಕೇರಿಗಳ ಮಕ್ಕಳಿಗೆ ಪ್ರತ್ಯೇಕ ಶಾಲೆಗಳನ್ನು ಪ್ರೋತ್ಸಾಹಿಸಬಹುದೆಂದೂ ಸೇರಿಸಿತು. ಡಾ. ಅಂಬೇಡ್ಕರರು ಮುಂದೆ ತಮ್ಮ ಬರಹದಲ್ಲಿ ಈ ಪ್ರಕರಣವನ್ನು ವಿವರವಾಗಿ ಚರ್ಚಿಸಿದ್ದಾರೆ.

ಈ ಪ್ರಸಂಗದಿಂದ ಎರಡು ವಿಷಯಗಳು ಹೊರಡುತ್ತವೆ. ಒಂದು, ಊರಿಗೊಂದೇ ಶಾಲೆಯಿದ್ದು ಅದು ಎಲ್ಲರನ್ನೂ ಒಳಗೊಳ್ಳುವ ಬದಲು, ಒಳಗೆ ಬಾರದವರಿಗಾಗಿ ಮತ್ತೊಂದು ಶಾಲೆ ತೆರೆಯುವ ಕ್ರಮಕ್ಕೆ ಇಲ್ಲಿಂದ ಆಡಳಿತದ ಸಮ್ಮತಿ ದೊರೆಯಿತು. ಇನ್ನೊಂದು, ಇಂದಿನ ಓದುಗರು ಹೆಚ್ಚು ಗಮನವಿಡಬೇಕಾದದ್ದು, ಮುಂಬಯಿ ಸರಕಾರದ ವಾದದ ಸ್ವರೂಪ. ಅದು ಮಕ್ಕಳನ್ನು ಎಣಿಸಿ ಆಡಿದ ಮಾತಾಗಿತ್ತು. ಒಬ್ಬನ ಹಕ್ಕನ್ನು ಒಂದು ತಟ್ಟೆಯಲ್ಲಿಟ್ಟು, ಪಟಸಂಖ್ಯೆಯನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗಿದ ಆ ತೀರ್ಮಾನದಲ್ಲಿ ಪಟಸಂಖ್ಯೆ ಗೆದ್ದಿತು. 1923ರಲ್ಲಿ ಎಸ್. ಕೆ. ಬೋಲೆ ಅವರು ಮಂಡಿಸಿದ, ಸಾರ್ವಜನಿಕ ಕೆರೆ, ಬಾವಿ, ಶಾಲೆಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೂ ಮುಕ್ತಗೊಳಿಸುವ ಗೊತ್ತುವಳಿ ಮುಂಬಯಿ ಶಾಸನಸಭೆಯಲ್ಲಿ ಅಂಗೀಕಾರವಾಗುವವರೆಗೆ, ಅರ್ಜಿ ಕೊಟ್ಟ ವರ್ಷದಿಂದ ಲೆಕ್ಕ ಹಾಕಿದರೆ 67 ವರ್ಷಗಳು ಕಳೆದಿದ್ದವು.

ಗಂಡುಮಕ್ಕಳ ಶಾಲೆಯೂ ಹೆಣ್ಣುಮಕ್ಕಳ ಶಾಲೆಯೂ

ಗಂಡುಮಕ್ಕಳ ಶಾಲೆಯು ಊರಿನ ಅತ್ಯಂತ ಹಳೆಯ ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದು. ದಪ್ಪ ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಉದ್ದನೆಯ ಪಡಸಾಲೆ, ಎದುರಿಗೆ ಧ್ವಜಸ್ತಂಭವುಳ್ಳ ವಿಸ್ತಾರವಾದ ಅಂಗಳ ಅದರ ಸಾಮಾನ್ಯ ಲಕ್ಷಣ. ಮೊದಲ ತರಗತಿಗೂ ಕೆಳಗಿನ, ಅಕ್ಷರ ತಿದ್ದುವ ಮಕ್ಕಳ ವರ್ಗಕ್ಕೆ ಬಿನ್ನೆತ್ತೆ ಎಂದೂ ಅದರ ಮೇಲಿನ ತರಗತಿಗಳಿಗೆ ಇಯತ್ತೆ ಎಂದೂ ಮರಾಠಿಯಿಂದ ಬಂದ ಹೆಸರುಗಳಿದ್ದವು. ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಸಾರ್ವಜನಿಕ ಪರೀಕ್ಷೆ ಮುಲ್ಕಿ. ಅದರಲ್ಲಿ ತೇರ್ಗಡೆಯಾದವನಿಗೆ ತಲಾಠಿ, ಕಾರಕೂನ, ಪ್ರಾಥಮಿಕ ಶಾಲೆಯ ಮಾಸ್ತರ ಮುಂತಾದ ನೌಕರಿಗಳ ಬಾಗಿಲು ತೆರೆಯುತ್ತಿದ್ದುದರಿಂದ, ಮುಲ್ಕಿ ಪಾಸಾದವನು ಎಂಬುದು ಹಳ್ಳಿಯಲ್ಲಿ ಒಂದು ಪದವಿಯಂತೆ ನಡೆಯಿತು. ವಿಜಯಪುರ ಜಿಲ್ಲೆಯ ಚಡಚಣದ ಸಿಂಪಿ ಲಿಂಗಣ್ಣನವರಂಥ ಲೇಖಕರು ಪ್ರಾಥಮಿಕ ಶಾಲಾ ಶಿಕ್ಷಕರಾಗಿಯೇ ದುಡಿದು ಜಾನಪದ ಸಂಗ್ರಹಕ್ಕೆ ಕೈಹಾಕಿದವರು. ಅವರೂ ಹಲಸಂಗಿಯ ಗೆಳೆಯರೆಂಬ ಸಾಹಿತ್ಯ ಬಳಗದ ಇತರರೂ ಕೂಡಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿರುವುದು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ ಹಾಡುಗಳು. ಅಕ್ಷರ ಕಲಿತ ಮಾಸ್ತರರು ಅಕ್ಷರ ಕಲಿಯಲು ಅವಕಾಶವಿರದಿದ್ದ ತಾಯಂದಿರ ಬಾಯಿಂದ ಕೇಳಿ ಬರೆದುಕೊಂಡ ಆ ಪುಸ್ತಕ, ಆ ಕಾಲದ ಊರಿನಲ್ಲಿ ಶಾಲೆ ಯಾರದಾಗಿತ್ತೆಂಬುದಕ್ಕೂ ಸಾಕ್ಷಿಯಾಗಿದೆ.

ಹೆಣ್ಣುಮಕ್ಕಳ ಶಾಲೆ ಬಹಳ ಕಡೆ ದಶಕಗಳಷ್ಟು ತಡವಾಗಿ ಬಂದಿತು. ಧಾರವಾಡದಲ್ಲಿ 1837ರಿಂದ ನೆಲೆಯೂರಿದ್ದ ಬಾಸೆಲ್ ಮಿಶನ್ನಿನವರು ಬಾಲಿಕೆಯರ ಶಿಕ್ಷಣದಲ್ಲಿ ಮೊದಲು ಹೆಜ್ಜೆಯಿಟ್ಟವರಲ್ಲಿ ಸೇರಿದ್ದಾರೆ. ಸರಕಾರವೂ ಬೋರ್ಡುಗಳೂ ದೊಡ್ಡ ಊರುಗಳಿಂದ ಆರಂಭಿಸಿ ಸಣ್ಣ ಊರುಗಳಿಗೆ ನಿಧಾನವಾಗಿ ಇಳಿದವು. ಗಂಡುಮಕ್ಕಳೊಡನೆ ಒಂದೇ ಕೋಣೆಯಲ್ಲಿ ಮಗಳನ್ನು ಕೂರಿಸಲು ಒಪ್ಪದ ಪಾಲಕರಿಗೆ ಪ್ರತ್ಯೇಕ ಶಾಲೆ ಮತ್ತು ಸಾಧ್ಯವಾದರೆ ಅಕ್ಕೋರು, ಎಂದರೆ ಶಿಕ್ಷಕಿಯರು, ಇವೆರಡೇ ಒಪ್ಪಿಗೆಯಾಗುವ ಷರತ್ತುಗಳಾಗಿದ್ದವು. ಇದರ ಪರಿಣಾಮ ಕಟ್ಟಡದ ಜಾಗದಲ್ಲಿಯೇ ಅಚ್ಚೊತ್ತಿದೆ: ಹುಡುಗಿಯರು ದೂರ ನಡೆಯಬಾರದೆಂದು ಶಾಲೆಯನ್ನು ಓಣಿಗಳ ನಡುವೆ, ಮಠದ ಅಥವಾ ಬಾಡಿಗೆ ಮನೆಯ ಒಂದು ಭಾಗದಲ್ಲಿ ತೆರೆದದ್ದರಿಂದ, ಅಂಥ ಶಾಲೆಗಳಿಗೆ ಆಟದ ಬಯಲು ದಕ್ಕಲಿಲ್ಲ. ಇಂದಿನ ಮೌಲ್ಯಮಾಪನ ನಮೂನೆಗಳಲ್ಲಿ ಆಟದ ಮೈದಾನ ಇಲ್ಲ ಎಂಬ ಕೊರತೆಯನ್ನು ಮಾತ್ರ ದಾಖಲಿಸುವವರು, ಆ ಇಕ್ಕಟ್ಟಾದ ಜಾಗವೇ ಒಂದು ಕಾಲಕ್ಕೆ ಹುಡುಗಿಯರನ್ನು ಶಾಲೆಗೆ ತಂದ ಕಾರಣವಾಗಿತ್ತೆಂಬುದನ್ನು ಅರಿತರೆ ಹೋಲಿಕೆ ಹೆಚ್ಚು ನ್ಯಾಯವಾದೀತು. ಈಗ ಅನೇಕ ಊರುಗಳಲ್ಲಿ ಎರಡೂ ಶಾಲೆಗಳು ಹುಡುಗ ಹುಡುಗಿಯರಿಬ್ಬರನ್ನೂ ಸೇರಿಸಿಕೊಳ್ಳುತ್ತವೆ, ಹೆಸರು ಮಾತ್ರ ಹಳೆಯದೇ ಉಳಿದಿದೆ.

ಉರ್ದು ಶಾಲೆಯನ್ನು ಈ ಎರಡರೊಡನೆ ಇಟ್ಟು ನೋಡುವಾಗ ಮಾಧ್ಯಮದ ಜತೆಗೆ ಮುಂದಿನ ದಾರಿಯನ್ನೂ ಪರಿಗಣಿಸಬೇಕಾಗುತ್ತದೆ. ಮನೆಯ ಭಾಷೆಯಲ್ಲಿ ಮೊದಲ ಶಿಕ್ಷಣ ಎಂಬ ಶ್ರೇಷ್ಠ ತತ್ತ್ವವನ್ನು ಅದು ಪಾಲಿಸುತ್ತದೆ, ಹುಡುಗಿಯರ ಮನೆಯವರಿಗೆ ನಂಬಿಕೆಯ ತಾಣವಾಗಿಯೂ ಇದೆ. ಆದರೆ ಏಳನೆಯ ತರಗತಿಯ ನಂತರ ಅದೇ ಮಾಧ್ಯಮದ ಪ್ರೌಢಶಾಲೆ ಹಳ್ಳಿಯಲ್ಲಿ ಸಿಗುವುದು ವಿರಳವಾದ್ದರಿಂದ, ವಿದ್ಯಾರ್ಥಿನಿಯ ಓದು ಅಲ್ಲಿಗೇ ನಿಲ್ಲುವ ಅಥವಾ ಒಮ್ಮೆಲೇ ಕನ್ನಡ ಮಾಧ್ಯಮಕ್ಕೆ ಬದಲಾಗುವ ಸಂದಿಗ್ಧ ಎದುರಾಗುತ್ತದೆ. ಗಡಿಭಾಗದ ಖಾನಾಪುರ, ನಿಪ್ಪಾಣಿ ಮೊದಲಾದ ಕಡೆಗಳ ಮರಾಠಿ ಶಾಲೆಗಳ ವಿಷಯ ಬೇರೆಯದೇ ಆದ ದೀರ್ಘ ಚರ್ಚೆಯನ್ನು ಬೇಡುವಂಥದು.

ತಾಂಡಾ ಮತ್ತು ತೋಟ

ತಾಂಡಾ ಎಂದರೆ ಲಂಬಾಣಿ ಸಮುದಾಯದ ವಸತಿ. ಮೂಲ ಗ್ರಾಮದಿಂದ ಒಂದೆರಡು ಕಿಲೋಮೀಟರ್ ದೂರದಲ್ಲಿ, ಹೆಚ್ಚಾಗಿ ಕಲ್ಲುಭೂಮಿಯ ಅಂಚಿನಲ್ಲಿ ನೆಲೆಗೊಂಡ ಈ ವಸತಿಗಳು ಕಂದಾಯ ದಾಖಲೆಯಲ್ಲಿ ಬಹುಕಾಲ ಮೂಲ ಗ್ರಾಮದ ಹೊಟ್ಟೆಯೊಳಗೇ ಅಡಗಿದ್ದುದರಿಂದ, ಊರಿನಲ್ಲಿ ಶಾಲೆಯಿದೆ ಎಂದು ಬರೆದುಕೊಂಡ ಸರಕಾರಿ ಲೆಕ್ಕದಲ್ಲಿ ತಾಂಡಾದ ಮಗುವಿಗೂ ಶಾಲೆ ಇದ್ದಂತೆಯೇ ಆಗುತ್ತಿತ್ತು. ನಡುವಿನ ಹಳ್ಳ, ಕೆಸರಿನ ದಾರಿ, ಊರ ಮಕ್ಕಳ ನಡುವೆ ಕಾಡುವ ಪರಕೀಯತೆ ಇವು ಯಾವ ಲೆಕ್ಕದಲ್ಲಿಯೂ ಬರುತ್ತಿರಲಿಲ್ಲ. ಸಮುದಾಯದ ಆರಾಧ್ಯ ಸೇವಾಲಾಲರ ಗುಡಿಯ ಕಟ್ಟೆಯ ಮೇಲೆಯೋ ಮರದ ನೆರಳಿನಲ್ಲಿಯೋ ಆರಂಭವಾಗಿ, ಏಕೋಪಾಧ್ಯಾಯ ಶಾಲೆಯಾಗಿ, ಎಂದರೆ ಒಬ್ಬರೇ ಶಿಕ್ಷಕರು ನಾಲ್ಕೂ ತರಗತಿಗಳನ್ನು ನಡೆಸುವ ಶಾಲೆಯಾಗಿ ಬೆಳೆದ ತಾಂಡಾ ಶಾಲೆಗಳಿಗೆ ಎರಡನೆಯ ಕೊಠಡಿ ಮತ್ತು ಎರಡನೆಯ ಶಿಕ್ಷಕರನ್ನು ತಂದ ಯೋಜನೆಗಳಲ್ಲಿ ಮುಖ್ಯವಾದದ್ದು 1987ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕಪ್ಪುಹಲಗೆ ಕಾರ್ಯಾಚರಣೆ. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಅಗತ್ಯ ಬೋಧನ ಸಾಮಗ್ರಿ ಎಂಬುದು ಅದರ ಗುರಿಯಾಗಿತ್ತು. 1994ರ ಸುಮಾರಿಗೆ ಮೊದಲ ಹಂತದಲ್ಲಿ ಬೆಳಗಾವಿಯೂ ಸೇರಿ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಇದನ್ನು ಮುಂದುವರಿಸಿತು.

ತಾಂಡಾದ ಮಗುವಿನ ಮನೆಮಾತು ಗೋರ್ ಬೋಲಿ, ಶಾಲೆಯ ಭಾಷೆ ಕನ್ನಡ. ಉರ್ದು ಮತ್ತು ಮರಾಠಿ ಮಕ್ಕಳಿಗೆ ದೊರೆತ ಮಾತೃಭಾಷಾ ಮಾಧ್ಯಮದ ಆಯ್ಕೆ ಲಿಪಿಯಿಲ್ಲದ ಭಾಷೆಯ ಈ ಮಗುವಿಗೆ ಎಂದೂ ದೊರೆಯಲಿಲ್ಲ. ಒಂದನೆಯ ತರಗತಿಯ ಮೊದಲ ಆರು ತಿಂಗಳು ಅದಕ್ಕೆ ಅಕ್ಷರದೊಡನೆ ಭಾಷೆಯನ್ನೂ ಕಲಿಯುವ ಕಾಲವೆಂಬುದನ್ನು ಲೆಕ್ಕಕ್ಕೆ ಹಿಡಿಯದೆ, ಗಂಡುಮಕ್ಕಳ ಶಾಲೆಯ ಎರಡನೆಯ ತರಗತಿಯ ಓದಿನ ಮಟ್ಟದೊಡನೆ ತಾಂಡಾ ಶಾಲೆಯ ಎರಡನೆಯ ತರಗತಿಯನ್ನು ತಾಳೆ ನೋಡುವುದು ಅನ್ಯಾಯದ ಹೋಲಿಕೆ. ಇದರ ಮೇಲೆ ವಲಸೆಯ ಸಮಸ್ಯೆ. ದಸರೆ ದೀಪಾವಳಿಗಳ ಹೊತ್ತಿಗೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೋ, ಕಟ್ಟಡದ ಕೆಲಸಕ್ಕೆ ಗೋವಾ, ಮುಂಬಯಿಗಳ ಕಡೆಗೋ ಹೊರಡುವ ಕುಟುಂಬಗಳು ಮಕ್ಕಳನ್ನು ಜತೆಗೆ ಕರೆದೊಯ್ದಾಗ ತರಗತಿ ಅರ್ಧ ಖಾಲಿಯಾಗುತ್ತದೆ. ಇಂಥ ಮಕ್ಕಳನ್ನು ಊರಿನಲ್ಲಿಯೇ ಉಳಿಸಿಕೊಳ್ಳಲು ಸರ್ವ ಶಿಕ್ಷಣ ಅಭಿಯಾನದಡಿ ಋತುಮಾನ ವಸತಿ ಶಾಲೆಗಳೂ, ಹೋದಲ್ಲಿಯೇ ಕಲಿಸಲು ಟೆಂಟ್ ಶಾಲೆಗಳೂ ನಡೆದವು. ತಾತನ ಅಥವಾ ಅಜ್ಜಿಯ ಬಳಿ ಉಳಿದು ವರ್ಷಪೂರ್ತಿ ಹಾಜರಾದ ಮಗುವಿನ ಸಾಧನೆಯನ್ನು ಅಳೆಯುವ ಅಂಕಣ ಯಾವ ನಮೂನೆಯಲ್ಲಿಯೂ ಇಲ್ಲ.

ತೋಟದ ಶಾಲೆಯ ಹುಟ್ಟು ನೀರಾವರಿಯೊಂದಿಗೆ ಬೆಸೆದುಕೊಂಡಿದೆ. ಘಟಪ್ರಭಾ ಮತ್ತು ಕೃಷ್ಣಾ ನದಿಗಳ ಸೀಮೆಯಲ್ಲಿ ಕಬ್ಬು ಹರಡಿದಂತೆ ರೈತಕುಟುಂಬಗಳು ಊರ ಮನೆ ಬಿಟ್ಟು ಹೊಲದಲ್ಲಿಯೇ ಮನೆ ಕಟ್ಟಿಕೊಂಡವು. ಹತ್ತಾರು ಮನೆಗಳು ಕೂಡಿದ ಕಡೆ ಒಂದು ಮನೆತನದವರು ಕೆಲವು ಗುಂಟೆ ಜಾಗ ಬಿಟ್ಟುಕೊಟ್ಟಾಗ ಅಲ್ಲಿ ಕಿರಿಯ ಪ್ರಾಥಮಿಕ ಶಾಲೆ ಬಂದು, ಆ ಮನೆತನದ ಅಡ್ಡಹೆಸರಿನ ತೋಟದ ಹೆಸರಿನಿಂದಲೇ ಅದು ಇಲಾಖೆಯ ದಾಖಲೆಯನ್ನು ಸೇರಿತು. ಜಮೀನಿನ ಒಡೆಯನ ಮಗನೂ ಅದೇ ಜಮೀನಿನಲ್ಲಿ ದುಡಿಯುವ ಆಳಿನ ಮಗಳೂ ಒಂದೇ ಚಾಪೆಯ ಮೇಲೆ ಕುಳಿತ ಶಾಲೆ ಇದು ಎಂಬುದು ಅದರ ಹಿರಿಮೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಶಾಲೆಗಳು ಪುನರ್ವಸತಿ ಕೇಂದ್ರಗಳಲ್ಲಿ ಮತ್ತೆ ತಲೆಯೆತ್ತಿದವು. ಹಳೆಯ ಕಟ್ಟಡ ನೀರಿನಲ್ಲಿ, ಹಳೆಯ ಹೆಸರು ಹೊಸ ಫಲಕದಲ್ಲಿ.

ಒಂದಾದ ಆಡಳಿತ

1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದ ಜಿಲ್ಲಾ ಶಾಲಾ ಮಂಡಳಿಗಳ ಕೈಗೆ ಬಂದ ಈ ಶಾಲೆಗಳು, 1947ರ ಹೊಸ ಕಾಯಿದೆ, 1948ರಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ ಮೊದಲಾದ ಸಂಸ್ಥಾನಗಳ ವಿಲೀನ, 1956ರ ಏಕೀಕರಣ, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಎಂಬ ಹಂತಗಳನ್ನು ದಾಟಿ ಕ್ರಮೇಣ ರಾಜ್ಯದ ಏಕರೂಪದ ವ್ಯವಸ್ಥೆಗೆ ಸೇರಿಕೊಂಡವು. ಇಲ್ಲಿ ಮೊದಲಿನಿಂದ ಇದ್ದ ಏಳು ವರ್ಷಗಳ ಪ್ರಾಥಮಿಕ ಶಿಕ್ಷಣವೇ ಒಟ್ಟು ರಾಜ್ಯದ ಕ್ರಮವಾಯಿತು. 2001ರಲ್ಲಿ ಪಾಲಕರೇ ಸದಸ್ಯರಾಗಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದುದು, 2002ರಿಂದ ಉತ್ತರದ ಜಿಲ್ಲೆಗಳಲ್ಲಿ ಮೊದಲಾಗಿ ಅಕ್ಷರ ದಾಸೋಹದ ಬಿಸಿಯೂಟ ಬಂದುದು, 2013ರಲ್ಲಿ ಕ್ಷೀರ ಭಾಗ್ಯದ ಹಾಲು ಸೇರಿದುದು ಎಲ್ಲ ಶಾಲೆಗಳಿಗೂ ಸಮನಾಗಿ ದೊರೆತ ಸೌಲಭ್ಯಗಳು. ಸಣ್ಣ ಶಾಲೆಗಳ ದೃಷ್ಟಿಯಿಂದ ಇವುಗಳಿಗಿಂತಲೂ ಮಹತ್ತ್ವದ್ದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರ ಪ್ರಯೋಗವಾಗಿ ಹುಟ್ಟಿ 2009ರ ಬಳಿಕ ರಾಜ್ಯದ ಸರಕಾರಿ ಶಾಲೆಗಳಿಗೆ ಹರಡಿದ ಈ ಪದ್ಧತಿಯಲ್ಲಿ ಕೆಳಗಿನ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು, ಕಲಿಕೆಯ ಚಪ್ಪರ, ಏಣಿ, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಮುಂದುವರಿಯುತ್ತಾರೆ. ಹಲವು ತರಗತಿಗಳನ್ನು ಒಬ್ಬರೇ ನಡೆಸಬೇಕಾದ ಶಿಕ್ಷಕರ ಅನಿವಾರ್ಯತೆಯನ್ನು ಬೋಧನೆಯ ಕ್ರಮವನ್ನಾಗಿಯೇ ರೂಪಿಸಿದ ಇಂಥ ಯೋಚನೆ ಮೇಲಿನ ಕಚೇರಿಯಲ್ಲಿ ಮೊಳೆಯದೆ ಶಾಲೆಯೊಳಗಿನಿಂದ ಬಂದದ್ದು ಆಶ್ಚರ್ಯವೇನಲ್ಲ.

ದಾಖಲೆಗಳಲ್ಲಿ ಓದಬಹುದಾದದ್ದು

ಶಾಲೆಗಳನ್ನು ನ್ಯಾಯವಾಗಿ ಹೋಲಿಸಬಯಸುವವರಿಗೆ ಅತ್ಯಂತ ಬೆಲೆಯುಳ್ಳ ಆಕರ ಮುಖ್ಯೋಪಾಧ್ಯಾಯರ ಕೋಣೆಯ ಕಬ್ಬಿಣದ ಟ್ರಂಕಿನಲ್ಲಿ ಸಿಗುತ್ತದೆ. ಜನರಲ್ ರಜಿಸ್ಟರ್ ಎಂದು ಕರೆಯಲ್ಪಡುವ ದಾಖಲಾತಿ ಪುಸ್ತಕದಲ್ಲಿ ಶಾಲೆ ಆರಂಭವಾದಂದಿನಿಂದ ಸೇರಿದ ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ ಮತ್ತು ಬಿಟ್ಟ ಕಾರಣಗಳು ಕ್ರಮಸಂಖ್ಯೆಯೊಡನೆ ದಾಖಲಾಗಿರುತ್ತವೆ. ಗಂಡುಮಕ್ಕಳ ಶಾಲೆಯ ಹಳೆಯ ಸಂಪುಟಗಳನ್ನು ಮಗುಚುತ್ತ ಹೋದರೆ ಕೇರಿಯ ಮೊದಲ ಬಾಲಕನ ಹೆಸರು ಯಾವ ವರ್ಷ ಬಂದಿತು, ಅವನು ಎಷ್ಟನೆಯ ಇಯತ್ತೆಯವರೆಗೆ ಉಳಿದನು, ಅವನ ನಂತರ ಇನ್ನೊಬ್ಬನು ಬರಲು ಎಷ್ಟು ವರ್ಷ ಬೇಕಾಯಿತು ಎಂಬುದನ್ನು ಹಾಳೆಯ ಮೇಲೆ ಬೆರಳಿಟ್ಟು ತೋರಿಸಬಹುದು. ಹೆಣ್ಣುಮಕ್ಕಳ ಶಾಲೆಯ ಸಂಪುಟದಲ್ಲಿ ಬಿಟ್ಟ ಕಾರಣದ ಅಂಕಣವೇ ಒಂದು ಸಾಮಾಜಿಕ ಇತಿಹಾಸ.

ಹುಟ್ಟಿದ ದಿನದ ಅಂಕಣ ಇನ್ನೊಂದು ಸೂಕ್ಷ್ಮವನ್ನು ತಿಳಿಸುತ್ತದೆ. ಹಳೆಯ ತಲೆಮಾರಿನ ಅಸಂಖ್ಯ ಗ್ರಾಮೀಣರ ಜನ್ಮದಿನ ಜೂನ್ 1. ಮಗುವನ್ನು ಕರೆತಂದ ಪಾಲಕರಿಗೆ ತಾರೀಖು ಗೊತ್ತಿಲ್ಲದಾಗ, ಶಾಲಾ ವರ್ಷದ ಆರಂಭಕ್ಕೆ ಸರಿಹೊಂದುವಂತೆ ಮಾಸ್ತರರು ಅಂದಾಜಿನ ವಯಸ್ಸಿಗೆ ಆ ದಿನವನ್ನು ಬರೆದುಕೊಳ್ಳುತ್ತಿದ್ದರು. ಆದ್ದರಿಂದ ಒಂದು ರಜಿಸ್ಟರಿನಲ್ಲಿ ಜೂನ್ 1 ಎಷ್ಟು ದಟ್ಟವಾಗಿದೆ ಎಂಬುದು, ಮನೆಯಲ್ಲಿ ಅಕ್ಷರ ಬಲ್ಲವರಿಲ್ಲದ ಮಕ್ಕಳು ಆ ಶಾಲೆಯಲ್ಲಿ ಎಷ್ಟಿದ್ದರು ಎಂಬುದರ ಒರಟು ಸೂಚಿಯಾಗುತ್ತದೆ; ಅದು ವಿರಳವಾಗುತ್ತ ಬಂದ ಕಾಲಘಟ್ಟ ಊರಿನ ಶಾಲೆಯಲ್ಲಿ ಒಂದು, ತಾಂಡಾದ ಶಾಲೆಯಲ್ಲಿ ಇನ್ನೊಂದು. ಶಾಲೆ ಕಂಡ ಅಧಿಕಾರಿಗಳು ಷರಾ ಬರೆದಿಟ್ಟ ಸಂದರ್ಶನ ಪುಸ್ತಕವೂ ಹೀಗೆಯೇ ಹೋಲಿಕೆಗೆ ಒದಗುತ್ತದೆ. ಊರ ಶಾಲೆಯದು ತುಂಬಿರುತ್ತದೆ, ದಾರಿ ಕೆಟ್ಟಿದ್ದ ವಸತಿಯ ಶಾಲೆಯದರಲ್ಲಿ ಒಂದು ಷರಾದಿಂದ ಇನ್ನೊಂದಕ್ಕೆ ನಡುವಿನ ಅಂತರ ದೊಡ್ಡದು.

ಇಂದಿನ ದಾಖಲೆಯ ಭಾಷೆ ಯು-ಡೈಸ್ ಸಂಖ್ಯೆ. ದೇಶದ ಪ್ರತಿಯೊಂದು ಶಾಲೆಗೂ ಕೊಟ್ಟಿರುವ ಈ 11 ಅಂಕಿಗಳ ಗುರುತಿನಲ್ಲಿ ಮೊದಲ ಎರಡು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ ಅದು 29. ಅನಂತರದವು ಜಿಲ್ಲೆ, ತಾಲೂಕು ಮತ್ತು ಗ್ರಾಮಗಳನ್ನು ಸೂಚಿಸುತ್ತವೆ, ಕೊನೆಯ ಎರಡು ಅಂಕಿಗಳು ಆ ಗ್ರಾಮದೊಳಗಿನ ಶಾಲೆಯನ್ನು. ಒಂದೇ ಊರಿನ ಶಾಲೆಗಳ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದರೆ ಒಂಬತ್ತು ಅಂಕಿಗಳು ಹಾಗೆಯೇ ಹೊಂದಿಕೊಂಡು, ಮೇಲೆ ವಿವರಿಸಿದ ಚರಿತ್ರೆಯೆಲ್ಲ ಕೊನೆಯ ಎರಡು ಅಂಕಿಗಳ ವ್ಯತ್ಯಾಸದಲ್ಲಿ ನಿಲ್ಲುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ನಿಯಮಗಳು ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆ ಮಗುವಿನ ವಸತಿಯಿಂದ ಒಂದು ಕಿಲೋಮೀಟರಿನೊಳಗೂ ಆರರಿಂದ ಎಂಟರವರೆಗಿನದು ಮೂರು ಕಿಲೋಮೀಟರಿನೊಳಗೂ ಇರಬೇಕೆನ್ನುತ್ತವೆ, 60 ಮಕ್ಕಳವರೆಗೆ ಇಬ್ಬರು ಶಿಕ್ಷಕರನ್ನು ಕಡ್ಡಾಯ ಮಾಡುತ್ತವೆ. ತಾಂಡಾ ಮತ್ತು ತೋಟದ ಶಾಲೆಗಳಿಗೆ ಶಾಸನದ ಬಲ ದೊರೆತದ್ದು ಹೀಗೆ. ಅದೇ ದಶಕದಲ್ಲಿ ಮಕ್ಕಳು ಖಾಸಗಿ ಶಾಲೆಗಳ ಹಳದಿ ಬಸ್ಸು ಹತ್ತತೊಡಗಿದ್ದರಿಂದ ಪಟಸಂಖ್ಯೆ ಕುಸಿದು, ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ, ಎಂದರೆ ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಯ ಶಿಕ್ಷಕರನ್ನು ಬೇರೆಡೆಗೆ ಕಳುಹಿಸುವ ಕ್ರಮ, ಸಣ್ಣ ಶಾಲೆಗಳನ್ನು ಮತ್ತಷ್ಟು ಬಡವಾಗಿಸಿತು. 2018ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಪೂರ್ವಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಶಿಕ್ಷಣ ನೀಡುವ ಉದ್ದೇಶ ಹೊಂದಿವೆ. 2019ರಲ್ಲಿ 1000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಆರಂಭವಾದವು. ಕೊಠಡಿ ಮತ್ತು ಶಿಕ್ಷಕರು ಮೊದಲೇ ಹೆಚ್ಚಿರುವ ಶಾಲೆ ಇಂಥ ಯೋಜನೆಗಳಿಗೆ ಸುಲಭವಾಗಿ ಅರ್ಹವಾಗುವುದರಿಂದ, ಊರಿನ ಮೊದಲ ಶಾಲೆ ಇನ್ನಷ್ಟು ಮುಂದಕ್ಕೂ ಕೊನೆಯ ಶಾಲೆ ಇನ್ನಷ್ಟು ಹಿಂದಕ್ಕೂ ಸರಿಯುವ ಅಪಾಯವಿದೆ. ದೊಡ್ಡ ಶಾಲೆಯಲ್ಲಿ ಗ್ರಂಥಾಲಯ, ಪ್ರಯೋಗಾಲಯ, ವಿಷಯವಾರು ಶಿಕ್ಷಕರು ದೊರೆಯುವುದು ನಿಜ, ಹುಡುಗ ಹುಡುಗಿಯರ ಶಾಲೆಗಳು ಎರಡು ಓಣಿಗಳ ಅಂತರದಲ್ಲಿ ಒಂದಾಗುವುದರಲ್ಲಿ ನಷ್ಟವೂ ಹೆಚ್ಚಿಲ್ಲ. ಹಳ್ಳ ದಾಟಿ ಬರಬೇಕಾದ ಆರು ವರ್ಷದ ಮಗುವಿನ ಶಾಲೆಯನ್ನು ಅದೇ ಸೂತ್ರದಿಂದ ವಿಲೀನಗೊಳಿಸುವಾಗ ಮಾತ್ರ, ಧಾರವಾಡದ 1856ರ ಅರ್ಜಿಯ ಮೇಲೆ ಬರೆದ ಟಿಪ್ಪಣಿಯನ್ನು ಒಮ್ಮೆ ತೆಗೆದು ಓದುವುದು ಒಳಿತು.

ಶತಮಾನೋತ್ಸವದ ಸಂಚಿಕೆಗಳು ಈವರೆಗೆ ಬಹುಪಾಲು ಗಂಡುಮಕ್ಕಳ ಶಾಲೆಗಳಿಗೇ ಮೀಸಲಾಗಿವೆ. ನೂರು ವರ್ಷ ತುಂಬಿದ್ದು ಅವುಗಳಿಗೇ ಆದ್ದರಿಂದ ಇದು ಸಹಜವೂ ಹೌದು. ಹೆಣ್ಣುಮಕ್ಕಳ ಶಾಲೆಗಳ ಸರದಿ ಈಗ ಬರುತ್ತಿದೆ. ತಾಂಡಾದ ಶಾಲೆಗೆ ನೂರು ತುಂಬುವ ತನಕ ಅದರ ದಾಖಲಾತಿ ಪುಸ್ತಕ ಗೆದ್ದಲಿನಿಂದ ಉಳಿದೀತೆ, ವಿಲೀನವಾದ ಪಕ್ಷದಲ್ಲಿ ದೊಡ್ಡ ಶಾಲೆಯ ಟ್ರಂಕಿನ ತಳದಲ್ಲಿ ಯಾರಾದರೂ ಅದನ್ನು ಗುರುತಿಸಿಯಾರೆ ಎಂಬ ಅನುಮಾನವಿರುವುದರಿಂದ, ಊರಿನ ಯಾವುದೇ ಒಂದು ಶಾಲೆಯ ಸಂಚಿಕೆ ಸಿದ್ಧವಾಗುವಾಗ ಉಳಿದೆಲ್ಲ ಶಾಲೆಗಳ ರಜಿಸ್ಟರಿನ ಮೊದಲ ಪುಟದ ಚಿತ್ರವನ್ನೂ ಅದರಲ್ಲಿ ಅಚ್ಚುಹಾಕಿಸುವ ಪದ್ಧತಿ ಆರಂಭವಾಗಬೇಕು. ಆ ಪುಟದಲ್ಲಿ ಕ್ರಮಸಂಖ್ಯೆ 1ರ ಎದುರು ಒಂದು ಮಗುವಿನ ಹೆಸರಿರುತ್ತದೆ, ಜನ್ಮದಿನದ ಅಂಕಣದಲ್ಲಿ ಬಹುತೇಕ ಜೂನ್ 1 ಎಂದಿರುತ್ತದೆ.